ಮೂರನೆಯ ಪೆಟ್ಟಿಗೆ

ಮುನ್ಶಿ ದರ್ವೀಶನ ಆ ದಿನದ ಗ್ರಹಚಾರಕ್ಕೆಲ್ಲ ಮೂಲ, ಪಕ್ಕದ ಖೋರ್ ಜಬಲ್ ಬಂದರಿನ ಹಿಂದೆ ಒಂದು ಬೆಟ್ಟ ಇದ್ದದ್ದು. ನಮ್ಮೂರು ರಾಸ್ ಸಿದ್ರದ ಹಿಂದೆ ಬೆಟ್ಟವಿಲ್ಲ. ಮರಳಿದೆ, ಅದು ಮುಗಿದ ಮೇಲೆ ಇನ್ನಷ್ಟು ಮರಳಿದೆ. ಹಿಂದಿನ ವಾರ ಇಂಗ್ಲಿಷರ ಜಂಗಿ ಹಡಗು ಖೋರ್ ಜಬಲಿಗೆ ಹೋಗಿ ಅಲ್ಲಿಯ ಶೇಖರಿಗೆ ಮರ್ಯಾದೆಗೆಂದು ಸಲಾಮಿಯ ತೋಪು ಐದು ಹಾರಿಸಿತು. ಬೆಟ್ಟ ತನ್ನ ಕಡೆಯಿಂದ ಎರಡು ಸೇರಿಸಿತು. ಅಲ್ಲೇ ಮೀನು ಹಿಡಿಯುತ್ತಿದ್ದ ನಮ್ಮೂರಿನವನೊಬ್ಬ ಬೆರಳು ಮಡಚಿ ಎಣಿಸಿ, ಏಳು ಎಂದು ಬಂದು ಸಾರಿದ. ಈ ಬೆಳಿಗ್ಗೆ ಅದೇ ಹಡಗು ನಮ್ಮೂರಿನ ಮುಂದೆ ಲಂಗರು ಹಾಕಿ ಐದು ತೋಪು ಹಾರಿಸಿದಾಗ ಊರಿಗೆ ಊರೇ ದಡದಲ್ಲಿ ನಿಂತು ಆರನೆಯದಕ್ಕೆ ಕಾಯಿತು. ಆರನೆಯದು ಬರಲಿಲ್ಲ.

ದರ್ವೀಶ ನಮ್ಮೂರಿನಲ್ಲಿ ಇಂಗ್ಲಿಷರ ಮನುಷ್ಯ. ನಮ್ಮ ಶೇಖ್ ದಲ್ಮೂಕರು ಆಡಿದ್ದನ್ನು ಇಂಗ್ಲಿಷರಿಗೆ, ಇಂಗ್ಲಿಷರು ಆಡಿದ್ದನ್ನು ಶೇಖರಿಗೆ ಮುಟ್ಟಿಸುವುದು ಅವನ ಕೆಲಸ. ಇದ್ದದ್ದನ್ನು ಇದ್ದ ಹಾಗೆ ಮುಟ್ಟಿಸಿದ್ದರೆ ಈ ದಡದಲ್ಲಿ ಒಂದು ಖರ್ಜೂರದ ಮರವೂ ಉಳಿಯುತ್ತಿರಲಿಲ್ಲ. ಅವನು ಬಯ್ಗುಳವನ್ನು ಸಲಾಮು ಮಾಡಿ, ಬೆದರಿಕೆಯನ್ನು ಕ್ಷೇಮಸಮಾಚಾರ ಮಾಡಿ ಆಚೀಚೆ ದಾಟಿಸುತ್ತಿದ್ದ. ಆರು ತಿಂಗಳ ಮಟ್ಟಿಗೆ ಎಂದು ಆಚೆ ದಡದ ಚಾರಕ್‌ನಿಂದ ಬಂದವನು. ಹೊರಡುವಾಗ ಹೆಂಡತಿ ಕಲ್ಸೂಮ್ ದಡದಲ್ಲಿ ನಿಂತಿದ್ದಳು. ಇವನು ಹಡಗಿನಿಂದ ಆರು ಬೆರಳು ತೋರಿಸಿದ್ದ. ಅದಾಗಿ ಹನ್ನೊಂದು ವರ್ಷ ಆಗಿತ್ತು.

ನಡುವೆ ಎರಡು ಸಲ ಅವನು ಹೊರಟಿದ್ದ. ಎರಡು ಸಲವೂ ಪೆಟ್ಟಿಗೆ ಮೊದಲು ಹಡಗು ಹತ್ತಿತು, ಅಷ್ಟರಲ್ಲಿ ಏನೋ ಜಗಳ ಎದ್ದು ಇವನು ದಡದಲ್ಲೇ ಉಳಿದ. ಈ ಸಲ ಕಲ್ಸೂಮ್ ಮಸೀದಿಯ ಮುಲ್ಲಾನಿಂದ ಕಾಗದ ಬರೆಸಿದ್ದಳು: “ನಿಮ್ಮ ಪೆಟ್ಟಿಗೆ ಎರಡು ಸಲ ಬಂತು. ಅವೆರಡರ ಜೊತೆ ಸಂಸಾರ ಮಾಡಿ ಸಾಕಾಗಿದೆ. ಮೂರನೆಯ ಸಲವೂ ಪೆಟ್ಟಿಗೆ ಒಂದೇ ಬಂದರೆ ಬಾಗಿಲು ತೆಗೆಯುವುದಿಲ್ಲ, ಅಪ್ಪನ ಮನೆಗೆ ಹೋಗುತ್ತೇನೆ.” ದರ್ವೀಶ ಆ ಕಾಗದವನ್ನು ಎದೆಯ ಹತ್ತಿರ ಇಟ್ಟುಕೊಂಡು ತಿರುಗುತ್ತಿದ್ದ. ಅವಳ ಮುಖ ಅವನಿಗೆ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ, ಅದೇ ಅವನನ್ನು ಹೆಚ್ಚು ಹೆದರಿಸಿತ್ತು.

ಇಂಗ್ಲಿಷರ ದೊಡ್ಡ ಸಾಹೇಬರು ಕೊನೆಗೂ ಅವನ ಬಿಡುಗಡೆಯ ಕಾಗದ ಬರೆದು ಜಂಗಿ ಹಡಗಿನ ಕಪ್ತಾನ ಪೆಟಿಗ್ರೂ ಕೈಯಲ್ಲಿ ಕಳಿಸಿದ್ದರು. ಒಂದೇ ಷರತ್ತು. ಮುತ್ತಿನ ಸುಗ್ಗಿಯಲ್ಲಿ ಕಡಲ ಮೇಲೆ ಯಾರೂ ಯಾರ ಮೇಲೂ ಕೈಮಾಡಬಾರದು ಎಂಬ ವರ್ಷ ವರ್ಷದ ಶಾಂತಿಯ ಕಾಗದಕ್ಕೆ ಶೇಖ್ ದಲ್ಮೂಕರ ಮುದ್ರೆ ಬೀಳಬೇಕು. ಬಿದ್ದ ಕೂಡಲೇ ದರ್ವೀಶ ಸ್ವತಂತ್ರ. ನಾಖುದಾ, ಅಂದರೆ ಹಡಗಿನ ಯಜಮಾನ, ಸುವೈದಾನನ ಹಾಯಿಹಡಗು ಅಂದೇ ಮಧ್ಯಾಹ್ನದ ಭರತಕ್ಕೆ ಚಾರಕ್‌ಗೆ ಹೊರಡುವುದಿತ್ತು. ಅದು ತಪ್ಪಿದರೆ ಸುಗ್ಗಿ ಮುಗಿಯುವ ತನಕ, ಅಂದರೆ ನಾಲ್ಕು ತಿಂಗಳು, ಆಚೆ ದಡಕ್ಕೆ ಹಡಗಿಲ್ಲ.

ಆದ್ದರಿಂದ ದರ್ವೀಶ ಪೆಟ್ಟಿಗೆಗೆ ಹಗ್ಗ ಬಿಗಿದು ಮನೆಯ ನಡುವೆ ಇಟ್ಟು, ಮನೆಯೊಡತಿ ಉಮ್ಮ್ ಶಾಹೀನಳಿಗೆ ಮೂರು ಸಲ ಹೇಳಿದ: “ಇದನ್ನ ಯಾರೂ ಮುಟ್ಟಬಾರದು. ಮೊದಲು ನಾನು, ಆಮೇಲೆ ಪೆಟ್ಟಿಗೆ.”

“ನನಗೇನು ಹುಚ್ಚಾ ಮಗನೇ, ಮುಟ್ಟೋಕೆ,” ಎಂದಳು ಆಕೆ.

ಕೋಟೆಯ ಬಾಗಿಲ ಕಟ್ಟೆಯ ಮೇಲೆ ಶೇಖ್ ದಲ್ಮೂಕರು ಕೂತಿದ್ದರು, ಪಕ್ಕದಲ್ಲಿ ಅವರ ಚಿಕ್ಕಪ್ಪ ತಾರಿಶ್. ತಾರಿಶ್ ಹರೆಯದಲ್ಲಿ ಒಮ್ಮೆ ಕುದುರೆ ಮಾರಲು ಮುಂಬಯಿಗೆ ಹೋಗಿ ಇಪ್ಪತ್ತು ದಿನ ಇದ್ದು ಬಂದವರು. ಅಲ್ಲಿ ಕಲಿತ ಹಿಂದೂಸ್ತಾನಿಯಲ್ಲಿ ನಾಲ್ಕೈದು ಮಾತು ಇನ್ನೂ ಬಾಯಲ್ಲಿ ಉಳಿದಿತ್ತು. ದರ್ವೀಶ ಕಪ್ತಾನರೊಡನೆ ಮಾತಾಡುತ್ತಿದ್ದದ್ದು ಹಿಂದೂಸ್ತಾನಿಯಲ್ಲೇ ಆದ್ದರಿಂದ, ಅವನ ಕೆಲಸದ ಮೇಲ್ವಿಚಾರಣೆ ತಮ್ಮದೇ ಎಂದು ಅವರು ಭಾವಿಸಿದ್ದರು.

“ಎಷ್ಟು ಹಾರಿಸಿದ್ರು?” ಶೇಖರು ಕೇಳಿದರು.

“ಐದು, ಶೇಖರೇ.”

“ಖೋರ್ ಜಬಲಿನವನಿಗೆ?”

“ಅಲ್ಲೂ ಐದೇ. ಮಿಕ್ಕ ಎರಡು ಬೆಟ್ಟದ್ದು. ಶಬ್ದ ಹೋಗಿ ಬಡಿದು ವಾಪಸ್ ಬರುತ್ತೆ.”

“ಹಾಗಾದ್ರೆ ನಮಗೂ ಒಂದು ಬೆಟ್ಟ ತಂದುಕೊಡೋಕೆ ಹೇಳು.”

“ಮುಂಬಯಿ ಕಡೆ ಬೆಟ್ಟ ಬೇಕಾದಷ್ಟಿದೆ. ನಾನೇ ಕಣ್ಣಾರೆ ನೋಡಿದ್ದೀನಿ,” ಎಂದರು ತಾರಿಶ್.

ದರ್ವೀಶ ಬೆವರು ಒರೆಸಿಕೊಂಡ. “ಶೇಖರೇ, ಒಂದು ಗಳಿಗೆ ಹಡಗಿಗೆ ಬಂದು ಮುದ್ರೆ ಒತ್ತಿಬಿಟ್ರೆ...”

“ನಾನು ಹೋಗೋದಿಲ್ಲ. ಐದು ತೋಪು ಹೊಡೆಸ್ಕೊಂಡು ಹಲ್ಲು ಕಿರೀತಾ ಏಣಿ ಹತ್ತಿದ ಅಂತ ನಾಳೆ ಖೋರ್ ಜಬಲಿನಲ್ಲಿ ಹಾಡು ಕಟ್ತಾರೆ. ಅವನೇ ಬರ್ಲಿ ಇಲ್ಲಿಗೆ. ಅವನ ಅಪ್ಪ ಕೊಳೆತ ಮೀನು ಮಾರ್ತಿದ್ದ, ಅವನ ಹಡಗು ತೂತು ಬಿದ್ದ ಚರ್ಮದ ಚೀಲ, ನಾನು ಹೇಳ್ದೆ ಅಂತ ಹೇಳು.”

ದರ್ವೀಶ ದೋಣಿ ಹತ್ತಿದ. ನಮ್ಮ ದಡ ಆಳವಿಲ್ಲದ್ದು. ದೋಣಿ ನಿಲ್ಲುವಲ್ಲಿಗೆ ನೀರಲ್ಲಿ ಇನ್ನೂರು ಹೆಜ್ಜೆ ನಡೆಯಬೇಕು. ಹಡಗು ಮುಟ್ಟುವಾಗ ಅವನ ಅಂಗಿ ಸೊಂಟದ ತನಕ ಒದ್ದೆ.

ಕಪ್ತಾನ ಪೆಟಿಗ್ರೂ ಹಾಯಿಯ ನೆರಳಿನಲ್ಲಿ ಕುರ್ಚಿಗೆ ಒರಗಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ಎರಡು ವಾರದಿಂದ ಹೊಟ್ಟೆಯುರಿ. ಹಡಗಿನ ಡಾಕ್ಟರು ಗಂಜಿ ಬಿಟ್ಟು ಬೇರೇನೂ ಮುಟ್ಟಬಾರದು, ಕಾಫಿಯನ್ನಂತೂ ಮೂಸಲೂ ಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು.

“ಏನಂದರು?” ಕಪ್ತಾನರು ಕೇಳಿದರು.

“ಸಲಾಮು ಹೇಳಿದರು, ಸಾಹೇಬರೇ. ತಮ್ಮ ತಂದೆಯವರ ಕ್ಷೇಮ ಕೇಳಿದರು.”

“ನಮ್ಮ ತಂದೆ ಸತ್ತು ಹದಿನಾಲ್ಕು ವರ್ಷ ಆಯಿತಲ್ಲ.”

“ಅದಕ್ಕೇ ಬಹಳ ನೊಂದುಕೊಂಡಿದ್ದಾರೆ. ಇವತ್ತು ಎಲ್ಲೂ ಹೊರಡುವ ಹಾಗಿಲ್ಲವಂತೆ. ತಾವೇ ದಯಮಾಡಿಸಬೇಕಂತೆ.”

ಕಪ್ತಾನರು ತಲೆಯಾಡಿಸಿದರು. “ಅದು ಆಗೋದಲ್ಲ ಮುನ್ಶಿ. ಮೊದಲು ಶೇಖ್ ಹಡಗಿಗೆ ಬರಬೇಕು, ಆಮೇಲೆ ನಾನು ದಡಕ್ಕೆ ಹೋಗಬೇಕು. ನಿಯಮ. ಆ ಮುದುಕನಿಗೆ ಜಂಬ ಹೆಚ್ಚಾಗಿದೆ ಅಂತ ಹೇಳು.” ಆಮೇಲೆ ಜೇಬಿನಿಂದ ಕೆಂಪು ಅರಗಿನ ಕಾಗದವೊಂದನ್ನು ಅರ್ಧ ಹೊರಗೆ ಎಳೆದು ತೋರಿಸಿ ಮತ್ತೆ ಒಳಗಿಟ್ಟರು. “ನಿನ್ನದು ಇಲ್ಲೇ ಇದೆ.”

ದರ್ವೀಶನಿಗೆ ಆ ಅರಗಿನ ಕೆಂಪು ಕಂಡದ್ದೇ ಕಣ್ಣು ತುಂಬಿತು. ದಡಕ್ಕೆ ಬಂದು, ಕಪ್ತಾನರು ಶೇಖರ ಘನತೆಯನ್ನು ಹೊಗಳಿದರೆಂದು ಹೇಳಿದ. ಶೇಖರು ಹೊಗಳಿಕೆಯನ್ನು ಇಟ್ಟುಕೊಂಡರು, ಕಟ್ಟೆಯಿಂದ ಏಳಲಿಲ್ಲ.

ಹೀಗೆ ಹೋಗುವುದು ಬರುವುದು ನಡೆಯಿತು. ಎರಡನೆಯ ಸಲ ಬಂದಾಗ ಅಂಗಿಯ ಮೇಲೆ ಉಪ್ಪು ಒಣಗಿ ಹಪ್ಪಳವಾಗಿತ್ತು. ಮೂರನೆಯ ಸಲ ಚಪ್ಪಲಿ ಒಂದು ಕೆಸರಲ್ಲಿ ಉಳಿಯಿತು. ಬೆಳಿಗ್ಗೆಯಿಂದ ಹುಟ್ಟು ಹಾಕಿ ಸೋತ ದೋಣಿಯವನು ಅಬೂದ್ ಕೇಳಿದ, “ಮುನ್ಶಿಗಳೇ, ಇಬ್ಬರೂ ನಿಮ್ಮನ್ನ ಬಯ್ಯೋದೇ ಆದ್ರೆ, ನಡುವೆ ನಿಂತ್ಕೊಂಡು ಇಬ್ಬರ ಹತ್ರಾನೂ ಒಟ್ಟಿಗೆ ಬಯ್ಸ್ಕೊಬಾರ್ದಾ? ನನ್ನ ತೋಳಾದ್ರೂ ಉಳಿಯುತ್ತೆ.”

ನಾಲ್ಕನೆಯ ಸಲ ದಡದ ಕಡೆ ನೀರಲ್ಲಿ ಕಾಲೆಳೆದು ಬರುತ್ತಿದ್ದಾಗ ಎದುರಿಗೆ ಉಮ್ಮ್ ಶಾಹೀನ್ ನಿಂತಿದ್ದಳು, ಜೊತೆಗೆ ಬೀದಿಯ ನಾಲ್ಕು ಗಂಡಸರು. ಎಲ್ಲರ ಮುಖದಲ್ಲೂ ಉಪಕಾರ ಮಾಡಿದವರ ಕಳೆ ಇತ್ತು. ದರ್ವೀಶ ನೀರಲ್ಲೇ ನಿಂತು ಕೇಳಿದ.

“ಪೆಟ್ಟಿಗೆ ಎಲ್ಲಿ?”

“ನೀನು ಓಡಾಡಿ ಓಡಾಡಿ ಸತ್ತುಹೋಗ್ತಿದ್ದೆ ಮಗನೇ. ಒಂದು ಕೆಲಸ ಆದ್ರೂ ಹಗುರ ಆಗ್ಲಿ ಅಂತ ಸುವೈದಾನನ ಹಡಗಿಗೆ ಹಾಕಿಸಿಬಿಟ್ಟೆ. ನಾಲ್ಕು ಜನ ಬೇಕಾಯ್ತು ನೋಡು. ಏನು ತುಂಬಿದ್ದೀಯ ಅದರಲ್ಲಿ?”

“ಅಮ್ಮಾ, ನಾನು ಮೂರು ಸಲ ಹೇಳಿರಲಿಲ್ವಾ, ಮುಟ್ಟಬೇಡಿ ಅಂತ?”

“ನಾನೆಲ್ಲಿ ಮುಟ್ಟಿದೆ? ಇವರು ನಾಲ್ಕು ಜನ ಮುಟ್ಟಿದ್ದು.”

“ಈಗ್ಲೇ ಇಳಿಸ್ಕೊಂಡು ಬನ್ನಿ.”

ನಾಲ್ವರಲ್ಲಿ ಒಬ್ಬ ಗಂಟಲು ಸರಿಮಾಡಿಕೊಂಡ. “ಅದು ಆಗಲ್ಲ ಮುನ್ಶಿಗಳೇ. ಹಡಗಿನ ತಳದಲ್ಲಿಟ್ಟು ಮೇಲೆ ನಲವತ್ತು ಮೂಟೆ ಖರ್ಜೂರ ಹಾಕಿದ್ದಾರೆ. ಎಷ್ಟು ಭದ್ರವಾಗಿದೆ ಅಂದ್ರೆ, ಹಡಗು ಮುಳುಗಿದ್ರೂ ನಿಮ್ಮ ಪೆಟ್ಟಿಗೆ ಅಲುಗಾಡಲ್ಲ.”

ದರ್ವೀಶ ನೀರಿನಲ್ಲೇ ಕೂತುಬಿಟ್ಟ. ಮೊಣಕಾಲುದ್ದದ ನೀರು ಅವನ ಎದೆಗೆ ಬಂತು. ಕಲ್ಸೂಮಳ ಕಾಗದ ಒದ್ದೆಯಾಗದಿರಲೆಂದು ಅದನ್ನು ತೆಗೆದು ತಲೆಯ ಮೇಲೆ ಹಿಡಿದುಕೊಂಡ. ಊರಿನವರು ಸುತ್ತ ನಿಂತು ನೋಡಿದರು. ನಗು ಬರುವಂಥ ನೋಟವೇ ಹೌದು, ಆದರೆ ಆಗ ಯಾರೂ ನಗಲಿಲ್ಲ. ಅವನು ಅಳುತ್ತಿದ್ದಾನೋ ಮುಖದ ಮೇಲಿರುವುದು ಸಮುದ್ರದ ನೀರೋ ಹೇಳುವಂತಿರಲಿಲ್ಲ.

ಹಾಗೆ ಕೂತಲ್ಲಿಂದಲೇ ಅವನ ಕಣ್ಣಿಗೆ ಮರಳ ದಿಬ್ಬ ಬಿತ್ತು. ಹಡಗಿಗೂ ದಡಕ್ಕೂ ನಡುವೆ ಇಳಿತದ ಹೊತ್ತಿನಲ್ಲಿ ಮಾತ್ರ ಮೇಲೇಳುವ ದಿಬ್ಬ. ಅದರ ಮೇಲೆ ಕಡಲಹಕ್ಕಿಗಳು ಕೂತಿದ್ದವು. ಅಬೂದ್ ಬಾಯಿಗೆ ಬಂದಂತೆ ಆಡಿದ ಮಾತು ಅವನಿಗೆ ನೆನಪಾಯಿತು. ನಡುವೆ. ಅದು ಶೇಖರ ನೆಲವೂ ಅಲ್ಲ, ಇಂಗ್ಲಿಷರ ಹಡಗೂ ಅಲ್ಲ. ಅಲ್ಲಿಗೆ ಹೋದರೆ ಯಾರೂ ಯಾರ ಬಳಿಗೂ ಹೋದಂತಾಗುವುದಿಲ್ಲ. ಅಲ್ಲೇ ಸೇರೋಣ ಎಂದು ಇಬ್ಬರನ್ನೂ ಕೇಳಿದ.

ಶೇಖರು ಬಹಳ ಹೊತ್ತು ಗಡ್ಡ ಸವರಿ, “ಕಾಫಿ ನನ್ನದೇ ಆಗಿರಬೇಕು,” ಎಂದರು. “ನನ್ನ ಕಾಫಿ ಕುಡಿಯದವನ ಹತ್ರ ನನಗೆ ಮಾತಿಲ್ಲ.”

ಕಪ್ತಾನರು ಬಹಳ ಹೊತ್ತು ಹೊಟ್ಟೆ ಸವರಿ, “ಜಮಖಾನ ಹಡಗಿನದೇ ಆಗಿರಬೇಕು,” ಎಂದರು. “ಸರಕಾರದ ಕಾಗದವನ್ನು ಸರಕಾರದ ಜಮಖಾನದ ಮೇಲೆ ಬಿಟ್ಟು ಬೇರೆಲ್ಲೂ ಬಿಚ್ಚುವ ಹಾಗಿಲ್ಲ.”

ದರ್ವೀಶ ಇಬ್ಬರಿಗೂ ಆಗಲಿ ಎಂದ. ಕಾಫಿ ಒಬ್ಬರದು, ಜಮಖಾನ ಇನ್ನೊಬ್ಬರದು. ಅಲ್ಲಿಗೆ ಆತಿಥೇಯ ಯಾರು, ಅತಿಥಿ ಯಾರು ಎಂದು ಜಗಳವಾಡಲು ಎಡೆಯೇ ಇಲ್ಲ. ಹನ್ನೊಂದು ವರ್ಷದಲ್ಲಿ ಇಷ್ಟು ಒಳ್ಳೆಯ ಯೋಚನೆ ತನಗೆ ಬಂದೇ ಇರಲಿಲ್ಲ ಎಂದು ಅವನು ಅಂದುಕೊಂಡ. ನಾವೂ ಹಾಗೇ ಅಂದುಕೊಂಡೆವು.

ಮಧ್ಯಾಹ್ನದ ನಮಾಜು ಮುಗಿಸಿ ಎಲ್ಲರೂ ದಿಬ್ಬ ಸೇರಿದರು. ಹಕ್ಕಿಗಳನ್ನು ಓಡಿಸಿ ನಾಲ್ಕು ಗಳ ನೆಟ್ಟು ಬಟ್ಟೆ ಕಟ್ಟಿದರು, ಕೆಂಪು ಜಮಖಾನ ಹಾಸಿದರು. ಉಣ್ಣೆಯ ಕೋಟಿನೊಳಗೆ ಕಪ್ತಾನರು ಬೇಯುತ್ತಿದ್ದರು. ಅಷ್ಟು ಹೊತ್ತಿಗೆ ಇಳಿತ ಮುಗಿದು ನೀರು ಏರತೊಡಗಿತ್ತು. ಅತ್ತ ಸುವೈದಾನನ ಹಡಗಿನಲ್ಲಿ ಹಾಯಿಯ ಹಗ್ಗ ಬಿಚ್ಚುತ್ತಿರುವುದು ದರ್ವೀಶನಿಗೆ ಕಾಣಿಸುತ್ತಿತ್ತು.

ಕಾಫಿಯವನು ಮೊದಲ ಬಟ್ಟಲನ್ನು ಕಪ್ತಾನರಿಗೆ ಕೊಟ್ಟ. ಕಪ್ತಾನರು ಎರಡೂ ಕೈಯಿಂದ ತೆಗೆದುಕೊಂಡರು, ಡಾಕ್ಟರ ಮಾತು ನೆನಪಾಯಿತು, ಮುಗುಳ್ನಕ್ಕು ಬಟ್ಟಲನ್ನು ಹಾಗೇ ಎದುರಿಗೆ ಇಟ್ಟರು.

ದಿಬ್ಬದ ಮೇಲಿದ್ದವರೆಲ್ಲ ಆ ಬಟ್ಟಲಿನ ಕಡೆ ತಿರುಗಿದರು.

ನಮ್ಮಲ್ಲಿ ಅತಿಥಿ ಕಾಫಿಯನ್ನು ಕುಡಿಯದೆ ಎದುರಿಗೆ ಇಟ್ಟನೆಂದರೆ ಅವನಿಗೆ ಏನೋ ಬೇಕಾಗಿದೆ ಎಂದರ್ಥ. ಅದೇನೆಂದು ಕೇಳಬೇಕು, ಕೊಟ್ಟೆ ಎನ್ನಬೇಕು, ಆಮೇಲೆ ಅವನು ಕುಡಿಯುತ್ತಾನೆ. ಕುಡಿಯದೆ ಎದ್ದು ಹೋದರೆ ಆತಿಥೇಯನ ಮಾನ ಹೋಯಿತು. ಹೆಣ್ಣು ಕೇಳಲು ಬಂದವರು ಹಾಗೆ ಮಾಡುತ್ತಾರೆ, ಕೊಲೆಯ ಸೇಡು ಬಿಟ್ಟುಬಿಡಿ ಎಂದು ಬೇಡಲು ಬಂದವರು ಹಾಗೆ ಮಾಡುತ್ತಾರೆ. ಹೊಟ್ಟೆಯುರಿಯವರು ಹಾಗೆ ಮಾಡಿದ್ದನ್ನು ನಮ್ಮೂರು ಅದುವರೆಗೆ ನೋಡಿರಲಿಲ್ಲ.

ಶೇಖರ ಮುಖ ಬಿಗಿಯಿತು. “ಇವನಿಗೆ ಇದನ್ನ ಯಾರು ಹೇಳಿಕೊಟ್ರು?”

“ನಾನಲ್ಲ,” ಎಂದ ದರ್ವೀಶ, ನಿಜವಾಗಿಯೂ.

“ಸರಿ. ಏನು ಬೇಕು ಕೇಳು.”

ನೀರು ಜಮಖಾನದ ಅಂಚು ಮುಟ್ಟಿತ್ತು. ದರ್ವೀಶ ಕಪ್ತಾನರ ಕಡೆ ಬಗ್ಗಿ ಕೇಳಿದ, “ಸಾಹೇಬರೇ, ತಮಗೆ ಈಗ ಏನು ಬೇಕು?”

“ಏನು ಬೇಕು ಅಂದರೆ? ಅವನು ಮುದ್ರೆ ಒತ್ತಬೇಕು, ನಾನು ಹೋಗಿ ಮಲಗಬೇಕು.”

ದರ್ವೀಶ ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಂದು ಮಾತನ್ನು ಹೆಚ್ಚುಕಡಿಮೆ ಇದ್ದ ಹಾಗೇ ದಾಟಿಸಿದ. “ಶೇಖರೇ, ಮುದ್ರೆ ಬೇಕಂತೆ.”

ಶೇಖರು ಸಮುದ್ರದ ಕಡೆ ನೋಡಿದರು, ಚಿಕ್ಕಪ್ಪನ ಕಡೆ ನೋಡಿದರು, ಕುಡಿಯದ ಬಟ್ಟಲಿನ ಕಡೆ ನೋಡಿದರು. ಏಳು ತೋಪು ಸಿಗುವ ತನಕ ಮುದ್ರೆ ಒತ್ತುವುದಿಲ್ಲ ಎಂದು ಮನೆಯಲ್ಲಿ ಹೆಂಗಸರ ಮುಂದೆ ಹೇಳಿ ಬಂದಿದ್ದರು. ಆದರೆ ಬಟ್ಟಲು ಎದುರಿಗೆ ಕೂತಿತ್ತು. ಬೆರಳಿನ ಉಂಗುರ ತೆಗೆದು ಶಾಯಿಗೆ ಅದ್ದಿ ಕಾಗದದ ಮೇಲೆ ಒತ್ತಿದರು. “ಕುಡಿಯೋಕೆ ಹೇಳು.”

“ಒಂದೇ ಗುಟುಕು ಸಾಹೇಬರೇ,” ಎಂದ ದರ್ವೀಶ. “ಕುಡಿಯದಿದ್ದರೆ ಒತ್ತಿದ ಮುದ್ರೆ ಸುಳ್ಳಾಗುತ್ತೆ. ನಮ್ಮಲ್ಲಿ ಬಟ್ಟಲು ಕೆಳಗಿಟ್ಟವರಿಗೆ ಕೇಳಿದ್ದನ್ನು ಕೊಡಲೇಬೇಕು, ಕೊಟ್ಟ ಮೇಲೆ ಅವರು ಕುಡಿಯಲೇಬೇಕು.”

“ಕೇಳಿದ್ದನ್ನು ಕೊಡಲೇಬೇಕೆ? ಅಬ್ಬ,” ಎಂದು ಕಪ್ತಾನರು ಮೆಚ್ಚಿಕೊಂಡು, ಕಣ್ಣು ಮುಚ್ಚಿ, ಕಷಾಯ ನುಂಗುವಂತೆ ನುಂಗಿದರು. ಆಮೇಲೆ ಜೇಬಿಗೆ ಕೈ ಹಾಕಿದರು. ಕೆಂಪು ಅರಗು ಹೊರಗೆ ಇಣುಕಿತು. ದರ್ವೀಶ ಎರಡೂ ಕೈ ಚಾಚಿದ. ಕಲ್ಸೂಮಳ ಮುಖ ಆ ಕ್ಷಣ ಅವನಿಗೆ ಪೂರ್ತಿ ನೆನಪಾಯಿತು, ಗಲ್ಲದ ಮೇಲಿನ ಮಚ್ಚೆಯ ಸಮೇತ.

ಆಗ ಶೇಖ್ ದಲ್ಮೂಕರು ತಮ್ಮ ಬಟ್ಟಲನ್ನು ಕುಡಿಯದೆ ಎದುರಿಗೆ ಇಟ್ಟರು.

“ಶೇಖರೇ, ತಾವು ಆತಿಥೇಯರು,” ಎಂದ ದರ್ವೀಶ. ಅವನ ಕೈ ಇನ್ನೂ ಚಾಚಿಯೇ ಇತ್ತು.

“ನಾನು ಕೂತಿರೋದು ಯಾರ ಜಮಖಾನದ ಮೇಲೆ?”

ದರ್ವೀಶ ಅಡಿಯ ಕೆಂಪು ಜಮಖಾನವನ್ನು ನೋಡಿದ.

“ಅವರ ಜಮಖಾನ. ಹಾಗಾದ್ರೆ ನಾನು ಅತಿಥಿ. ನೀನೇ ಮಾಡಿದ ಏರ್ಪಾಡಲ್ವಾ ಮುನ್ಶಿ?”

ಕಪ್ತಾನರಿಗೆ ಈಗ ಪದ್ಧತಿ ತಿಳಿದಿತ್ತು. ಜೇಬಿನಿಂದ ಕೈ ತೆಗೆದು ಗಂಭೀರವಾಗಿ ಕೂತರು. “ಇವರಿಗೆ ಏನೋ ಬೇಕು ಅಂತ ಕಾಣುತ್ತೆ. ಕೇಳು.”

ಏಳು ತೋಪು ಕೇಳುತ್ತಾರೆ, ಅಷ್ಟೇ ತಾನೆ ಎಂದು ದರ್ವೀಶ ಸಮಾಧಾನ ಮಾಡಿಕೊಂಡ. ಊರೆಲ್ಲ ಹಾಗೇ ತಿಳಿದಿತ್ತು.

“ತೋಪು ಕೇಳೋಣ ಅಂತ ಬಂದಿದ್ದೆ,” ಎಂದರು ಶೇಖರು. “ಆದ್ರೆ ತೋಪು ಏನು, ಹೊಗೆ. ಐದಾದ್ರೂ ಹೊಗೆ, ಏಳಾದ್ರೂ ಹೊಗೆ. ನನಗೆ ಇವನು ಬೇಕು.” ದರ್ವೀಶನ ಹೆಗಲ ಮೇಲೆ ಕೈ ಇಟ್ಟರು. “ಹನ್ನೊಂದು ವರ್ಷದಿಂದ ನಾನು ಇಂಗ್ಲಿಷರನ್ನ ಬಯ್ದಿದ್ದೆಲ್ಲ ಇವನ ಹತ್ರ. ಇವನು ಅಲ್ಲಿಗೆ ಹೋಗಿ ಅದನ್ನ ಸಲಾಮು ಅಂತಾನೆ. ಅವರು ನನ್ನ ಬಯ್ದಿದ್ದನ್ನ ಇಲ್ಲಿಗೆ ಬಂದು ಹೊಗಳಿಕೆ ಅಂತಾನೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದಾನೆ. ನಾಳೆ ಇನ್ನೊಬ್ಬ ಯಾರೋ ಪ್ರಾಮಾಣಿಕ ಬಂದು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ರೆ ಊರು ಉರಿದುಹೋಗುತ್ತೆ. ಇವನು ಇಲ್ಲೇ ಇರ್ಬೇಕು. ಅದೇ ನನ್ನ ಬೇಡಿಕೆ.”

ಸುತ್ತ ಕೂತವರು ಹೌದು ಹೌದೆಂದರು. ಉಮ್ಮ್ ಶಾಹೀನಳ ಬೀದಿಯ ಆ ನಾಲ್ವರೂ ಅಲ್ಲಿದ್ದರು. ಅವರ ಕಣ್ಣು ಒದ್ದೆಯಾಯಿತು. ಹನ್ನೊಂದು ವರ್ಷದಲ್ಲಿ ಯಾರೂ ದರ್ವೀಶನ ಬಗ್ಗೆ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಇವತ್ತೇ ಆಡಬೇಕಿತ್ತು.

“ಏನಂತೆ?” ಕಪ್ತಾನರು ಕೇಳಿದರು.

ಸುವೈದಾನನ ಹಡಗು ಹಾಯಿ ಏರಿಸಿತ್ತು. ನೀರು ದರ್ವೀಶನ ಕಾಲ್ಬೆರಳಿಗೆ ಬಂದಿತ್ತು. ಅವನಿಗೆ ಬೇರೆ ದಾರಿ ಕಾಣಲಿಲ್ಲ.

“ಏಳು ತೋಪು ಬೇಕಂತೆ, ಸಾಹೇಬರೇ.”

“ಸಾತ್ ಅಂದ್ರೆ ಏಳು,” ತಾರಿಶ್ ಕಿವಿ ನಿಮಿರಿಸಿದರು. “ಏಳು ಎಲ್ಲಿಂದ ಬಂತು ಮುನ್ಶಿ?”

“ಏಳು ಸಲ ವಿನಂತಿ ಮಾಡಿದರು ಅಂತ ಹೇಳಿದೆ, ದೊಡ್ಡವರೇ.”

“ಹಾಗೋ. ಅದು ಸರಿ.”

ಕಪ್ತಾನರಿಗೆ ನಗು ಬಂತು. ಇಷ್ಟೇನಾ? ತೋಪಿನ ಬಾರೂದು ಹಡಗಿನಲ್ಲಿ ಕೊಳೆಯುತ್ತ ಬಿದ್ದಿತ್ತು. ಎದೆಯ ಮೇಲೆ ಕೈ ಇಟ್ಟು, ಶೇಖರ ಕಡೆ ತಿರುಗಿ, ಒಂದಲ್ಲ ಮೂರು ಸಲ ತಲೆ ಬಾಗಿಸಿ ಒಪ್ಪಿದರು. ಒಬ್ಬ ಅಧಿಕಾರಿಯನ್ನು ಕರೆದು ಹಡಗಿಗೆ ಓಡಿಸಿದರು.

ಶೇಖರು ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

ದಿಬ್ಬದ ಮೇಲೆ ಗದ್ದಲವೆದ್ದಿತು. ಇಂಗ್ಲಿಷರು ಮುನ್ಶಿಯನ್ನು ಕೊಟ್ಟರು, ಇನ್ನು ಮುನ್ಶಿ ನಮ್ಮವನು ಎಂದು ಆ ನಾಲ್ವರೂ ದರ್ವೀಶನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಅವನು ಕೈಕಾಲು ಬಡಿದ. ಸಂತೋಷ ತಡೆಯಲಾರದೆ ಕುಣಿಯುತ್ತಿದ್ದಾನೆಂದು ಅವರು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು.

“ನನ್ನ ಕಾಗದ, ಸಾಹೇಬರೇ, ಕಾಗದ,” ಎಂದು ಅವನು ಮೇಲಿನಿಂದ ಕೂಗಿದ. ಆ ಗಲಾಟೆಯಲ್ಲಿ ಅದು ಕಪ್ತಾನರಿಗೆ ತಲುಪಲಿಲ್ಲ. ಅವರು ಬೆರಗಾಗಿ ನೋಡುತ್ತಿದ್ದರು. ಎರಡು ತೋಪು ಹೆಚ್ಚಿಗೆ ಕೊಟ್ಟದ್ದಕ್ಕೆ ಮುನ್ಶಿಯನ್ನು ಯಾಕೆ ಎತ್ತಿದರು?

ಆಗ ತಾರಿಶ್ ಮುಂದೆ ಬಂದರು. ಮುಂಬಯಿಯ ಇಪ್ಪತ್ತು ದಿನಗಳು ಸಾರ್ಥಕವಾಗುವ ಹೊತ್ತು ಅದು. ಕಪ್ತಾನರ ತೋಳು ಹಿಡಿದು, ಒಂದೊಂದೇ ಹಿಂದೂಸ್ತಾನಿ ಮಾತನ್ನು ಹುಡುಕಿ ತೆಗೆದು ಹೇಳಿದರು: “ಮುನ್ಶಿ ಇಲ್ಲಿ. ಮುನ್ಶಿ ಹೋಗಲ್ಲ. ಮುನ್ಶಿ ಖುಷಿ. ಎಲ್ಲ ಖುಷಿ.”

ಕಪ್ತಾನರು ಹೆಗಲ ಮೇಲೆ ಕೈಕಾಲು ಬಡಿಯುತ್ತಿದ್ದ ದರ್ವೀಶನನ್ನು ನೋಡಿದರು. ಅವನ ಕಣ್ಣಿನಿಂದ ಧಾರಾಕಾರವಾಗಿ ನೀರು ಇಳಿಯುತ್ತಿತ್ತು. ಕಪ್ತಾನರ ಮನಸ್ಸು ಕರಗಿತು. ಬೇರೆ ಮುನ್ಶಿಯನ್ನು ಹುಡುಕುವ ಕೆಲಸ ತಪ್ಪಿತಲ್ಲ ಎಂಬ ಹಗುರವೂ ಅದರಲ್ಲಿ ಸ್ವಲ್ಪ ಸೇರಿತ್ತು. ಕೆಂಪು ಅರಗಿನ ಕಾಗದ ಹೊರತೆಗೆದು ನಾಲ್ಕು ಚೂರು ಮಾಡಿ ನೀರಿಗೆ ಬಿಟ್ಟರು.

“ಇಷ್ಟು ಪ್ರೀತಿ ಇದ್ದರೆ ಮೊದಲೇ ಹೇಳಬಾರದಿತ್ತೆ ಮುನ್ಶಿ,” ಎಂದು ಅವನ ಕಾಲು ತಟ್ಟಿ ದೋಣಿ ಹತ್ತಿದರು.

ದರ್ವೀಶ ಕಪ್ತಾನರನ್ನು ಕರೆದು ನಿಜ ಹೇಳಬಹುದಿತ್ತು. ಹೇಳಿದರೆ, ಶೇಖರ ಬೇಡಿಕೆಯನ್ನು ತಿರುಚಿದ್ದು ಗೊತ್ತಾಗುತ್ತಿತ್ತು. ಕಪ್ತಾನರ ಒಪ್ಪಿಗೆ ಒಪ್ಪಿಗೆಯಲ್ಲ ಎಂದಾಗುತ್ತಿತ್ತು. ಶೇಖರು ಕುಡಿದ ಕಾಫಿ ಸುಳ್ಳಾಗಿ, ಒತ್ತಿದ ಮುದ್ರೆಯೂ ಸುಳ್ಳಾಗುತ್ತಿತ್ತು. ಆ ಸುಗ್ಗಿಯಲ್ಲಿ ಮುತ್ತು ತೆಗೆಯಲು ಕಡಲಲ್ಲಿ ಮುಳುಗುವ ಆರು ನೂರು ಜನ ಈ ಊರಲ್ಲಿದ್ದರು. ಅವನು ಬಾಯಿ ತೆರೆದ, ಮತ್ತೆ ಮುಚ್ಚಿದ.

ಜಮಖಾನ ತೇಲತೊಡಗಿತ್ತು. ದರ್ವೀಶನನ್ನು ಹೊತ್ತೇ ಎಲ್ಲರೂ ದಡದ ಕಡೆ ನೀರಲ್ಲಿ ಹೊರಟರು. ಅದೇ ಹೊತ್ತಿಗೆ ಸುವೈದಾನನ ಹಡಗು ಗಾಳಿ ಹಿಡಿದು ಅವರ ಸಮೀಪದಲ್ಲೇ ಹಾದುಹೋಯಿತು. ನಾಖುದಾ ಹಿಂಬದಿಯಲ್ಲಿ ನಿಂತು ಬಾಯಿಗೆ ಕೈ ಹಿಡಿದು ಕೂಗಿದ:

“ಮುನ್ಶಿಗಳೇ, ಪೆಟ್ಟಿಗೆ ಇದೆ, ನೀವಿಲ್ಲ. ಮನೆಯವರಿಗೆ ಏನು ಹೇಳ್ಲಿ?”

ಸುಗ್ಗಿಯ ನಾಲ್ಕು ತಿಂಗಳು, ಮತ್ತೆ ದೊಡ್ಡ ಸಾಹೇಬರಿಗೆ ಬರೆದು ಉತ್ತರ ಬರಲು ಎರಡು. ದರ್ವೀಶ ಅಷ್ಟನ್ನೂ ಕೂಗಿ ಹೇಳಲು ಹೊರಟ. ಬಾಗಿಲು ತೆಗೆಯಲು ಹೇಳು, ಇನ್ನೊಂದೇ ಸಲ ಕಾಯಲು ಹೇಳು ಎಂದು ಹೇಳುವುದಿತ್ತು. ಅಷ್ಟರಲ್ಲಿ ಜಂಗಿ ಹಡಗಿನಿಂದ ಮೊದಲ ತೋಪು ಹಾರಿತು. ಅದರ ಹಿಂದೆ ಎರಡನೆಯದು. ಅವನ ದನಿ ಅವನಿಗೇ ಕೇಳಿಸಲಿಲ್ಲ. ಹೆಗಲ ಮೇಲೆ ಕೂತೇ ಎರಡೂ ಕೈ ಮೇಲೆತ್ತಿ, ಒಂದರಲ್ಲಿ ಐದು, ಇನ್ನೊಂದರಲ್ಲಿ ಒಂದು, ಆರು ಬೆರಳು ತೋರಿಸಿದ.

ಊರು ಒಕ್ಕೊರಲಿನಿಂದ ಎಣಿಸುತ್ತಿತ್ತು. ಐದಾಯಿತು. ಆರಾಯಿತು. ಏಳನೆಯದು ಹಾರಿದಾಗ ಶೇಖ್ ದಲ್ಮೂಕರು ಮೊಣಕಾಲುದ್ದ ನೀರಲ್ಲಿ ನಿಂತು ಕಣ್ಣರಳಿಸಿದರು.

“ಕೇಳದೆ ಇದ್ದ ತೋಪು ಎಲ್ಲಿಂದ ಬಂತು ಮುನ್ಶಿ?” ಎಂದರು ಮೆಲ್ಲಗೆ. ಆಮೇಲೆ ಏನೋ ಹೊಳೆದು ಗಡ್ಡದೊಳಗೆ ನಕ್ಕರು. “ನೋಡಿದ್ರಾ? ಇವನನ್ನ ಬಿಟ್ಟುಕೊಡೋಕಾಗುತ್ತಾ?”

ತಾರಿಶ್ ಮಾತ್ರ ದರ್ವೀಶನ ಬೆರಳುಗಳನ್ನೇ ಅಸಮಾಧಾನದಿಂದ ನೋಡುತ್ತಿದ್ದರು.

“ತಪ್ಪು ಎಣಿಸಿದ್ದೀಯ ಮಾರಾಯ. ಆರಲ್ಲ, ಏಳು,” ಎಂದು ಅವನ ಎಡಗೈಯನ್ನು ತಮ್ಮ ಕಡೆ ಎಳೆದು, ಮಡಚಿದ್ದ ಇನ್ನೊಂದು ಬೆರಳನ್ನು ಬಿಡಿಸಿ ನೆಟ್ಟಗೆ ಹಿಡಿದರು.

ದೂರದ ಹಡಗಿನಿಂದ ಸುವೈದಾನ್ ಅದನ್ನು ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ತನ್ನ ಎರಡೂ ಕೈ ಎತ್ತಿ, ತಿಳಿಯಿತು, ಹಾಗೇ ಹೇಳುತ್ತೇನೆ ಎಂಬಂತೆ ಏಳು ಬೆರಳು ತೋರಿಸಿದ.